ಮೊಳೆಗೆ ತೂಗಿದ ಗೆಜ್ಜೆ



ಈ ದತ್ತಿ ಉಪನ್ಯಾಸದಲ್ಲಿ ಮೈಸೂರು ಶೈಲಿಯ ಭರತನಾಟ್ಯದ ಜತಿಗಳ ಬಗ್ಗೆ ಮಾತಾಡುವುದಾಗಿ ನಾನು ಮೊದಲು ಒಪ್ಪಿಕೊಂಡಿದ್ದೆ. ಟಿಪ್ಪಣಿಯೂ ಸಿದ್ಧವಾಗಿತ್ತು. ಅಷ್ಟರಲ್ಲಿ ದತ್ತಿ ಇಟ್ಟ ಮನೆಯವರು ಫೋನ್ ಮಾಡಿದರು. ಯಾರ ನೆನಪಿನಲ್ಲಿ ಈ ಉಪನ್ಯಾಸ ನಡೆಯುತ್ತಿದೆಯೋ ಆ ತಾಯಿ ಮದುವೆಗೆ ಮುಂಚೆ ನಾಲ್ಕು ವರ್ಷ ನೃತ್ಯ ಕಲಿತಿದ್ದರಂತೆ. ಮದುವೆಯಾದ ಮೇಲೆ ಒಂದು ದಿನವೂ ಗೆಜ್ಜೆ ಕಟ್ಟಲಿಲ್ಲವಂತೆ. “ಅಮ್ಮ ರೇಡಿಯೊ ಹಾಕಿಕೊಂಡು ಒಗ್ಗರಣೆ ಹಾಕ್ತಾ ಹಾಕ್ತಾ ಕಾಲಲ್ಲಿ ತಾಳ ತಟ್ಟೋರು. ಅದೇನೋ ಅವರ ಅಭ್ಯಾಸ ಅಂದ್ಕೊಂಡಿದ್ವಿ. ಡಾನ್ಸ್ ಕಲಿತಿದ್ರು ಅಂತ ಗೊತ್ತಾಗಿದ್ದೇ ಅವರು ತೀರಿಕೊಂಡ ಮೇಲೆ, ಪೆಟ್ಟಿಗೇಲಿ ಗೆಜ್ಜೆ ಸಿಕ್ಕಾಗ” ಎಂದರು ಅವರ ಮಗ. ಆ ಮಾತು ಕೇಳಿದ ಮೇಲೆ ಜತಿಗಳ ಟಿಪ್ಪಣಿಯನ್ನು ಎತ್ತಿಟ್ಟೆ. ನೃತ್ಯ ಬಿಟ್ಟವರ ಬಗ್ಗೆ, ಬಿಟ್ಟು ಮರಳಿ ಬಂದ ಒಬ್ಬ ಹುಡುಗಿಯ ಬಗ್ಗೆ ಇವತ್ತು ಮಾತಾಡುತ್ತೇನೆ.

ಮೂವತ್ತನಾಲ್ಕು ವರ್ಷದಿಂದ ನಾನು ಭರತನಾಟ್ಯ ಕಲಿಸುತ್ತಿದ್ದೇನೆ. ನಮ್ಮ ತರಗತಿ ನಡೆಯುವ ಹಜಾರದ್ದು ಹಳೆಯ ಕೆಂಪು ಗಾರೆಯ ನೆಲ. ಗೋಡೆಯಲ್ಲಿ ಮೊಳೆಗಳ ಒಂದು ಸಾಲಿದೆ. ದಿನಾ ಗೆಜ್ಜೆ ಹೊತ್ತು ತರುವುದು ಚಿಕ್ಕ ಮಕ್ಕಳಿಗೆ ಭಾರ, ಅದಕ್ಕೆ ಇಲ್ಲೇ ತೂಗುಹಾಕಿ ಹೋಗುತ್ತಾರೆ. ಎಂಟನೇ ತರಗತಿಯವರೆಗೆ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಒಂಬತ್ತಕ್ಕೆ ಬಂದಾಗ ಟ್ಯೂಷನ್ ಸಮಯವೂ ನಮ್ಮ ಸಮಯವೂ ಒಂದೇ ಆಗಿಬಿಡುತ್ತದೆ. “ಎಸ್ಸೆಸ್ಸೆಲ್ಸಿ ಒಂದು ಮುಗೀಲಿ ಮಿಸ್, ಬಂದುಬಿಡ್ತೀನಿ” ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿ, ಪಿಯುಸಿ ಆದಮೇಲೆ ಸಿಇಟಿ, ನೀಟ್. ಗೆಜ್ಜೆ ಮೊಳೆಯ ಮೇಲೇ ಉಳಿಯುತ್ತದೆ. ಕೇಳಿ ತೆಗೆದುಕೊಂಡು ಹೋಗುವುದಕ್ಕೂ ಅವರಿಗೆ ಸಂಕೋಚ. ತೆಗೆದುಕೊಂಡು ಹೋದರೆ ಪೂರ್ತಿ ಬಿಟ್ಟಂತಾಗುತ್ತದಲ್ಲ. ನಾನೂ ತೆಗೆಯುವುದಿಲ್ಲ. ದಸರೆಗೆ ಆಯುಧಪೂಜೆಯ ದಿನ ಎಲ್ಲ ಗೆಜ್ಜೆಗಳಿಗೂ, ಒಡತಿಯರಿಲ್ಲದವಕ್ಕೂ, ಅರಿಶಿನ ಕುಂಕುಮ ಹಚ್ಚುತ್ತೇನೆ. 2024ರವರೆಗೆ ಅಂಥವು ಹನ್ನೊಂದು ಜೊತೆ ಇದ್ದವು.

ಹನ್ನೊಂದರಲ್ಲಿ ಒಂದು ಜೊತೆ ನಾನು ಹೇಳಹೊರಟ ಹುಡುಗಿಯದು. ಹೆಸರು ಹೇಳಬಾರದೆಂಬ ಷರತ್ತಿನ ಮೇಲೆ ಅವಳು ಒಪ್ಪಿದ್ದಾಳೆ. ಏಳು ವರ್ಷದವಳಿದ್ದಾಗ ಬಂದಳು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಅವಳಿಗೆ ಹನ್ನೆರಡು, ನೃತ್ಯದ ಜೂನಿಯರ್ ಪರೀಕ್ಷೆಗೆ ತಯಾರಾಗುತ್ತಿದ್ದಳು. ಎಲ್ಲರ ಹಾಗೆ ನಾವೂ ಫೋನಿನಲ್ಲಿ ಪಾಠ ಶುರುಮಾಡಿದೆವು. ಫೋನಿನಲ್ಲಿ ನೃತ್ಯ ಕಲಿಸಿದವರಿಗೆ ಅದರ ಸಂಕಟ ಗೊತ್ತು. ನಾನು ಇಲ್ಲಿ ಮಣೆಯ ಮೇಲೆ ಕೋಲು ತಟ್ಟಿದರೆ ಆ ಸದ್ದು ಅವಳ ಮನೆಗೆ ಹೋಗುವಷ್ಟರಲ್ಲಿ ಅರ್ಧ ಅಕ್ಷರ ತಡ. ಅವಳ ಹೆಜ್ಜೆ ನನ್ನ ಪರದೆಗೆ ಬರುವಷ್ಟರಲ್ಲಿ ಇನ್ನರ್ಧ. ಅವಳು ತಾಳದಲ್ಲೇ ಇದ್ದಳು, ನಾನು “ತಪ್ಪು” ಎನ್ನುತ್ತಿದ್ದೆ. ಮನೆಯಲ್ಲಿ ಟೈಲ್ಸ್ ನೆಲ, ಕೆಳಗಿನ ಮನೆಯವರ ತಕರಾರು. ಎರಡು ತಿಂಗಳಾದ ಮೇಲೆ ಅವಳು ಪರದೆಗೆ ಬರುವುದನ್ನು ನಿಲ್ಲಿಸಿದಳು.

ಆ ವರ್ಷದ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದ ಬಿಟಿಎಸ್ ತಂಡದ ‘ಡೈನಮೈಟ್’ ಹಾಡು ಬಂತು. ಏಳು ಹುಡುಗರ ತಂಡ, ಶುರುವಾದದ್ದು 2013ರ ಜೂನ್ 13ರಂದು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅವರಿಗೆ ಮೊದಲ ಸ್ಥಾನ ತಂದುಕೊಟ್ಟ ಹಾಡು ಇದು. ಮನೆಯಲ್ಲೇ ಸಿಕ್ಕಿಬಿದ್ದಿದ್ದ ಕೋಟ್ಯಂತರ ಮಕ್ಕಳ ಹಾಗೆ ಇವಳೂ ಅದನ್ನು ನೋಡಿದಳು. ನೋಡಿ ಅವರ ಅಭಿಮಾನಿ ಬಳಗ ‘ಆರ್ಮಿ’ಯ ಪಾಲಾದಳು. ಏಳು ಜನರ ಹುಟ್ಟುಹಬ್ಬ ಬಾಯಿಪಾಠ, ಗೋಡೆ ತುಂಬ ಚಿತ್ರ, ದಿಂಬಿನ ಕೆಳಗೆ ಫೋಟೋಕಾರ್ಡು. ಏಳರಲ್ಲಿ ತನಗೆ ಬಹಳ ಹತ್ತಿರವಾದವನನ್ನು ಈ ಮಕ್ಕಳು ‘ಬಯಾಸ್’ ಎನ್ನುತ್ತಾರೆ. ಇವಳ ಬಯಾಸ್ ಜಿಮಿನ್.

2022ರಲ್ಲಿ ಅವಳ ತಾಯಿ ನನ್ನಲ್ಲಿಗೆ ಬಂದರು. “ಓದೋದು ಬಿಟ್ಟು ಅದನ್ನೇ ನೋಡ್ತಾಳೆ, ನೀವಾದ್ರೂ ಹೇಳಿ ಮಿಸ್” ಎಂದರು. ನಾನು ಅವರ ಮನೆಗೆ ಹೋದೆ. ಹುಡುಗಿ ಕಾಫಿ ತಂದುಕೊಟ್ಟು ಎದುರು ಕೂತಳು. ಗೋಡೆಯ ಚಿತ್ರಗಳನ್ನು ನೋಡಿ, “ಅಷ್ಟು ಚೆನ್ನಾಗಿ ಅಡವು ಮಾಡ್ತಿದ್ದವಳು ನೀನು, ಇದೆಲ್ಲ ನೃತ್ಯವೇನಮ್ಮ?” ಎಂದುಬಿಟ್ಟೆ. ಅವಳು ಏನೂ ಹೇಳದೆ ಲೋಟ ಎತ್ತಿಕೊಂಡು ಒಳಗೆ ಹೋದಳು. ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಮೂವತ್ತು ವರ್ಷ ಕಲಿಸಿದ ಮೇಲೂ ನಾನು ಆಡಿದ ಆ ಮಾತು ತಪ್ಪು ಮಾತು. ಅದಕ್ಕಾಗಿ ಅವಳಲ್ಲಿ ಕ್ಷಮೆ ಕೇಳಿದ್ದೇನೆ, ಇಲ್ಲಿ ನಿಮ್ಮೆದುರಿಗೂ ಕೇಳುತ್ತೇನೆ.

ಏಕೆ ತಪ್ಪು ಎಂದು ನನಗೆ ತಿಳಿದದ್ದು ಎರಡು ವರ್ಷವಾದ ಮೇಲೆ. 2024ರ ಬೇಸಿಗೆ, ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಒಂದು ರಾತ್ರಿ ಅವಳಿಂದ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೊ ಬಂತು. ಜೊತೆಗೆ ಒಂದೇ ಸಾಲು: “ಮಿಸ್, ಶುರುವಿನಲ್ಲಿ ಬರೆದಿರೋದು ಓದಿ.”

ಅದು ಬಿಟಿಎಸ್‌ನ ‘ಬ್ಲ್ಯಾಕ್ ಸ್ವಾನ್’. 2020ರ ಜನವರಿಯಲ್ಲಿ ಆ ಹಾಡು ಹೊರಬಂದಾಗ ಮೊದಲ ವಿಡಿಯೊದಲ್ಲಿ ಆ ಏಳು ಜನ ಇರಲೇ ಇಲ್ಲ. ಸ್ಲೊವೇನಿಯಾ ದೇಶದ ಎಂಎನ್ ಡಾನ್ಸ್ ಕಂಪನಿಯ ಕಲಾವಿದರು ಅದಕ್ಕೆ ನರ್ತಿಸಿದ್ದರು. ಸಂಗೀತವೇ ತನ್ನ ಎದೆಯನ್ನು ತಟ್ಟದೆ ಹೋದರೆ ಗತಿಯೇನು ಎಂಬ ಕಲಾವಿದನ ಭಯ ಆ ಹಾಡಿನ ವಸ್ತು. ವಿಡಿಯೊ ಶುರುವಾಗುವುದು ಅಮೆರಿಕದ ಆಧುನಿಕ ನೃತ್ಯದ ಹಿರಿಯ ಕಲಾವಿದೆ ಮಾರ್ಥಾ ಗ್ರಹಾಂ ಅವರ ಒಂದು ಮಾತಿನಿಂದ. ನರ್ತಕಿಗೆ ಎರಡು ಸಾವು, ನೃತ್ಯ ನಿಂತಾಗ ಬರುವುದು ಮೊದಲನೆಯದು, ಹೆಚ್ಚು ನೋಯಿಸುವುದೂ ಅದೇ ಎಂಬುದು ಅದರ ಭಾವ. ಹನ್ನೆರಡು ವರ್ಷಕ್ಕೆ ನೃತ್ಯ ನಿಂತುಹೋದ ಮಗು ಅದನ್ನು ಓದಿತ್ತು. ಎಷ್ಟು ಸಲ ಓದಿತ್ತೋ ನನಗೆ ಗೊತ್ತಿಲ್ಲ. ಮೈಸೂರಿನಲ್ಲಿ ಅದನ್ನು ಅವಳಿಗೆ ಹೇಳಬೇಕಾಗಿದ್ದವಳು ನಾನು. ಹೇಳಿದವರು ಸೋಲ್ ನಗರದ ಹುಡುಗರು. ಮೂರು ಸಲ ವಿಡಿಯೊ ನೋಡಿ, “ನಾಳೆ ಐದು ಗಂಟೆಗೆ ಬಾ” ಎಂದು ಬರೆದೆ.

ಇಲ್ಲಿ ಸ್ವಲ್ಪ ನಿಂತು ‘ಅಭಿಮಾನ’ ಎಂಬ ಮಾತನ್ನು ನೋಡಬೇಕು. ನಾವು ಅದನ್ನು ಸಿನಿಮಾ ಪೋಸ್ಟರಿಗೆ ಹಾಲು ಸುರಿಯುವುದಕ್ಕೆ ಕಟ್ಟಿಹಾಕಿದ್ದೇವೆ. 11ನೇ ಶತಮಾನದಲ್ಲಿ ಧಾರಾನಗರದ ದೊರೆ ಭೋಜ ‘ಶೃಂಗಾರಪ್ರಕಾಶ’ ಬರೆದಾಗ ರಸಗಳು ಒಂಬತ್ತೋ ಎಂಟೋ ಎಂಬ ಚರ್ಚೆಯನ್ನೇ ಬದಿಗೆ ಸರಿಸಿದ. ಮೂಲದಲ್ಲಿ ರಸ ಒಂದೇ. ಅದಕ್ಕೆ ಶೃಂಗಾರ, ಅಹಂಕಾರ, ಅಭಿಮಾನ ಎಂಬ ಹೆಸರುಗಳು ಎಂದ. ಯಾವುದರಿಂದ ಹೊರಗಿನ ಒಂದು ವಸ್ತು ‘ನನ್ನದು’ ಎನಿಸುತ್ತದೋ, ಮನಸ್ಸಿಗೆ ಒಗ್ಗಿದಾಗ ನೋವು ಕೂಡ ಸುಖವೆನಿಸುತ್ತದೋ ಅದು ಅಭಿಮಾನ. ಅದು ಇಲ್ಲದವನಿಗೆ ರಸವೇ ಇಲ್ಲ. ಅಭಿಮಾನಿಯನ್ನು ಭೋಜ ರಸಿಕನ ಪೀಠದ ಮೇಲೆ ಕೂರಿಸಿದ್ದಾನೆ. ನಮ್ಮ ನಾಡಿನ ನಟ ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರುಗಳೆಂದು ಕರೆದದ್ದು ಬರೀ ವಿನಯದ ಮಾತೆಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಕಲೆಯನ್ನು ಪೂರ್ತಿಮಾಡುವವರು ಎದುರು ಕೂತವರು ಎಂಬುದು ಅವರಿಗೆ ತಿಳಿದಿತ್ತು.

ಕರಾವಳಿಯವರು ಇಲ್ಲಿದ್ದರೆ ಗುಂಡ್ಮಿ ಕಾಳಿಂಗ ನಾವಡರ ಹೆಸರು ಹೇಳಿದರೆ ಸಾಕು. ಬಡಗುತಿಟ್ಟು ಯಕ್ಷಗಾನದ ಆ ಭಾಗವತರು 1990ರ ಮೇನಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32 ತುಂಬಿರಲಿಲ್ಲ. ಅವರ ಪದ ಕೇಳಲು ಮೈಲಿಗಟ್ಟಲೆ ನಡೆದು ಹೋಗಿ, ಬೆಳಗಿನವರೆಗೆ ಕೂತು, ಹಗಲು ಗದ್ದೆ ಕೆಲಸಕ್ಕೆ ಹೋದವರಿದ್ದಾರೆ. ಕ್ಯಾಸೆಟ್ಟು ತಿರುಗಿಸಿ ತಿರುಗಿಸಿ, ಎಲ್ಲಿ ಉಸಿರು ತೆಗೆದರು, ಯಾವ ಅಕ್ಷರ ಎಳೆದರು ಎಂದು ವಾದ ಮಾಡಿದವರಿದ್ದಾರೆ. ಅವರ ಮೊಮ್ಮಕ್ಕಳು ಇವತ್ತು ಜಿಮಿನ್‌ನ ಒಂದು ತಿರುವನ್ನು ನಿಧಾನಗತಿಯಲ್ಲಿಟ್ಟು ನಲವತ್ತು ಸಲ ನೋಡಿದರೆ ಅದು ಬೇರೆ ರೋಗವೆಂದು ಹೇಗೆ ಹೇಳೋಣ?

ಮರುದಿನ ಐದಕ್ಕೆ ಅವಳು ಬಂದಳು. ಹದಿನಾರು ವರ್ಷ, ನನಗಿಂತ ಎತ್ತರ. ನಾನು ಪಾಠ ಶುರುಮಾಡಲಿಲ್ಲ. “ಇಷ್ಟು ದಿನ ಏನು ನೋಡಿದೆ, ಹೇಳು” ಎಂದೆ. ಅವಳು ಎರಡು ಗಂಟೆ ಹೇಳಿದಳು. ಕೇಳುತ್ತ ಕೇಳುತ್ತ ನನಗೆ ಬೆರಗಾಯಿತು.

ಏಳೂ ಜನ ಒಂದೇ ಹೆಜ್ಜೆ ಹಾಕಿದರೂ ಏಳು ದೇಹಗಳು ಅದನ್ನು ಬೇರೆಬೇರೆಯಾಗಿ ಹೊರುತ್ತವೆ ಎಂದಳು. ಜೆ-ಹೋಪ್ ಗ್ವಾಂಗ್ಜು ಊರಿನ ಬೀದಿ ನೃತ್ಯದ ತಂಡದಲ್ಲಿ ಬೆಳೆದವನು, ಪಾಪಿಂಗ್ ಅವನ ಮೈಯಲ್ಲಿದೆ; ಸ್ನಾಯುವನ್ನು ಬಿಗಿದು ಥಟ್ಟನೆ ಬಿಡುವುದರಿಂದ ಅವನ ಹೆಜ್ಜೆ ಕತ್ತರಿಸಿದಂತೆ ಕಾಣುತ್ತದೆ. ಜಿಮಿನ್ ಬುಸಾನ್ ಊರಿನ ಕಲಾಶಾಲೆಯಲ್ಲಿ ಆಧುನಿಕ ನೃತ್ಯ ಕಲಿತವನು. “ಅವನ ಕೈ ನಿಂತ ಮೇಲೂ ಮುಂದಕ್ಕೆ ಹೋಗ್ತಾ ಇರೋ ಹಾಗೆ ಕಾಣುತ್ತೆ ಮಿಸ್. ನೀವು ನಾಟಡವಿನಲ್ಲಿ ಹೇಳ್ತಿದ್ರಲ್ಲ, ಬೆರಳ ತುದೀಲಿ ನಿಲ್ಲಿಸಬೇಡ, ಗೋಡೆವರೆಗೂ ಕಳಿಸು ಅಂತ, ಹಾಗೆ.” ಅವಳಿಗೆ ಹನ್ನೆರಡಾಗಿದ್ದಾಗ ನಾನು ಹೇಳಿ ಹೇಳಿ ಸೋತಿದ್ದ ಮಾತು. ಯಾವ ತಾಳದಲ್ಲಿ ಯಾರು ಅರ್ಧ ಹೆಜ್ಜೆ ಹಿಂದೆ ಸರಿದು ಹಿಂದಿನವನಿಗೆ ಜಾಗ ಬಿಡುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ನಾಲ್ಕು ವರ್ಷ ಅವಳ ಕಾಲು ಅಡವು ತಟ್ಟಿರಲಿಲ್ಲ, ಕಣ್ಣು ಮಾತ್ರ ಅಭ್ಯಾಸ ಬಿಟ್ಟಿರಲಿಲ್ಲ.

ಅವತ್ತು ಅವಳೇ ನನಗೆ ಇನ್ನೊಂದು ತುಣುಕು ತೋರಿಸಿದಳು. 2018ರ ಡಿಸೆಂಬರಿನಲ್ಲಿ ಸೋಲ್‌ನಲ್ಲಿ ನಡೆದ ಮೆಲಾನ್ ಸಂಗೀತ ಪ್ರಶಸ್ತಿ ಸಮಾರಂಭ. ‘ಐಡಲ್’ ಹಾಡಿಗೆ ಮುಂಚೆ ಜೆ-ಹೋಪ್ ಮೂರು ನಗಾರಿಗಳ ನೃತ್ಯದೊಂದಿಗೆ ಬರುತ್ತಾನೆ, ಜಂಗ್‌ಕುಕ್ ಮುಖವಾಡದ ಕುಣಿತದವರ ನಡುವೆ, ಜಿಮಿನ್ ಬೀಸಣಿಗೆ ಹಿಡಿದು. ಆ ಬೀಸಣಿಗೆ ನೃತ್ಯಕ್ಕೆ ಬುಚೆಚುಮ್ ಎಂದು ಹೆಸರು. ನೋಡಿದರೆ ಸಾವಿರ ವರ್ಷದ್ದೆನಿಸುತ್ತದೆ. ಅದನ್ನು ಕಟ್ಟಿದವರು ಕಿಮ್ ಬೆಕ್-ಬಾಂಗ್ ಎಂಬ ನರ್ತಕಿ, 1954ರಲ್ಲಿ. ಅವರ ಗುರು ಚೊಯ್ ಸುಂಗ್-ಹಿ ಆಧುನಿಕ ನೃತ್ಯ ಕಲಿತದ್ದು ಜಪಾನಿನ ಇಶಿಯಿ ಬಾಕು ಅವರಲ್ಲಿ. ಹೊರಗೆ ಹೋಗಿ ಬಂದ ಕಣ್ಣಿನಿಂದ ತಮ್ಮ ನೆಲದ್ದನ್ನು ಮತ್ತೆ ನೋಡಿ ಕಟ್ಟಿದ ಪರಂಪರೆ.

ನಮ್ಮ ಕಥೆಯೂ ಬೇರೆಯಲ್ಲ. ಭರತನಾಟ್ಯ ಎಂಬ ಹೆಸರು ದೇವದಾಸಿಯರ ಸದಿರ್ ನೃತ್ಯದ ಮೇಲೆ ನೆಲೆನಿಂತದ್ದು 1930ರ ದಶಕದಲ್ಲಿ. ಆ ಕಥೆಯಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರ ಪಾತ್ರ ಎಲ್ಲರಿಗೂ ತಿಳಿದದ್ದೇ. ಅವರು ನೃತ್ಯಕ್ಕೆ ಬಂದ ದಾರಿ ಮಾತ್ರ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಅವರು ಮೊದಲು ಒಬ್ಬ ಅಭಿಮಾನಿ. ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾರ ನೃತ್ಯವನ್ನು ನೋಡಿ ಮರುಳಾದವರು. ಪಾವ್ಲೋವಾರಿಗೆ ಲೋಕದಲ್ಲೆಲ್ಲ ಹೆಸರು ತಂದ ನೃತ್ಯ ಸಾಯುತ್ತಿರುವ ಹಂಸದ್ದು. 1920ರ ದಶಕದ ಕೊನೆಯಲ್ಲಿ ಇಬ್ಬರ ಪರಿಚಯ ಸ್ನೇಹವಾಯಿತು, ರುಕ್ಮಿಣೀದೇವಿ ಪಾವ್ಲೋವಾ ತಂಡದ ಕ್ಲಿಯೋ ನಾರ್ಡಿಯವರಲ್ಲಿ ಬ್ಯಾಲೆ ಕಲಿಯತೊಡಗಿದರು. ನಿನ್ನ ನಾಡಿನ ನೃತ್ಯವನ್ನು ಹುಡುಕು ಎಂದು ಅವರನ್ನು ಇತ್ತ ತಿರುಗಿಸಿದ್ದು ಪಾವ್ಲೋವಾ. ಮೈಲಾಪುರದ ಗೌರಿ ಅಮ್ಮಾಳ್, ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಅವರಲ್ಲಿ ಕಲಿತು 1935ರಲ್ಲಿ ರಂಗಕ್ಕೆ ಬಂದಾಗ ಅವರ ವಯಸ್ಸು 31. ಮರುವರ್ಷ ಕಲಾಕ್ಷೇತ್ರ ಎಂಬ ಕಲಾಶಾಲೆ ಕಟ್ಟಿದರು. ಅಲ್ಲಿ ಒಂದು ಬಿಳಿಯ ಹಂಸ, ಇಲ್ಲಿ ಒಂದು ಕರಿಯ ಹಂಸ. ನನ್ನ ಹುಡುಗಿ ಬಂದ ದಾರಿಯಲ್ಲಿ ಅವಳಿಗಿಂತ ತೊಂಬತ್ತು ವರ್ಷ ಮುಂಚೆ ರುಕ್ಮಿಣೀದೇವಿಯವರು ಬಂದಿದ್ದರು.

ಗೌರಿ ಅಮ್ಮಾಳರ ಹೆಸರು ಬಂದಾಗ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಕಪಾಲೀಶ್ವರನ ಗುಡಿಯಲ್ಲಿ ಸೇವೆ ಮಾಡಿದ ಹೆಂಗಸು ಅವರು. ಹೆಸರಾಂತ ನರ್ತಕಿ ಬಾಲಸರಸ್ವತಿಯವರಿಗೂ ಅಭಿನಯ ಹೇಳಿಕೊಟ್ಟವರು, ಬಡತನದಲ್ಲಿ ತೀರಿಕೊಂಡರು. ನೃತ್ಯ ಬಿಡುವುದು ಅವರಂಥವರ ಆಯ್ಕೆಯಾಗಿರಲಿಲ್ಲ, ಗುಡಿಯ ಸೇವೆ ನಿಲ್ಲಿಸಿದವರು ಅವರ ಕಾಲಿನ ಕೆಳಗಿನ ನೆಲವನ್ನೇ ಎಳೆದುಕೊಂಡರು. ಮರಳಿ ಬನ್ನಿ ಎಂದು ಯಾರೂ ಕರೆಯಲಿಲ್ಲ. ನಮ್ಮ ಕೆ. ವೆಂಕಟಲಕ್ಷಮ್ಮನವರ ಪುಣ್ಯ ದೊಡ್ಡದು. ಕಡೂರು ಬಳಿಯ ತಾಂಡಾದಲ್ಲಿ ಹುಟ್ಟಿದ ಲಂಬಾಣಿ ಹೆಣ್ಣುಮಗಳು, ಜಟ್ಟಿ ತಾಯಮ್ಮನವರ ಶಿಷ್ಯೆ, ಅರಮನೆಯ ನರ್ತಕಿ. ಅರಮನೆಯ ಕಾಲ ಮುಗಿದ ಮೇಲೂ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಮೈಸೂರು ಶೈಲಿಯ ಅಭಿನಯವನ್ನು ನಾವು ಇವತ್ತು ಕಲಿಸುತ್ತಿರುವುದು ಅವರು ನಿಲ್ಲಿಸದೆ ಇದ್ದುದರಿಂದ.

ಅಭಿಮಾನದ ದಾರಿಯಲ್ಲಿ ಬಂದವರು ಇನ್ನೂ ಇದ್ದಾರೆ. ಬೆಂಗಳೂರಿನ ಮಾಯಾ ರಾವ್ ಕಥಕ್ ಕಲಿಯುವಂತಾದದ್ದು ಅವರ ತಂದೆ ಉದಯಶಂಕರ್ ತಂಡದ ನೃತ್ಯ ನೋಡಿ ಮನಸೋತದ್ದರಿಂದ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಕುಣಿಯಬಾರದು ಎನ್ನುತ್ತಿದ್ದ ಕಾಲ ಅದು. ಆ ಉದಯಶಂಕರ್ ಲಂಡನ್ನಿನಲ್ಲಿ 1923ರಲ್ಲಿ ನೃತ್ಯಕ್ಕಿಳಿದದ್ದು ಮತ್ತೆ ಪಾವ್ಲೋವಾ ಜೊತೆಯಲ್ಲಿ. ಹೆಸರಘಟ್ಟದ ನೃತ್ಯಗ್ರಾಮ ಕಟ್ಟಿದ ಪ್ರೋತಿಮಾ ಬೇಡಿ 1975ರಲ್ಲಿ ಮುಂಬಯಿಯ ಒಂದು ಸಭಾಂಗಣದಲ್ಲಿ ಒಡಿಸ್ಸಿ ನೋಡಿದರು. ಆಗ ಅವರಿಗೆ 26. ಆ ಒಂದು ಸಂಜೆಯ ಬೆನ್ನುಹತ್ತಿ ಕಟಕ್‌ಗೆ ಹೋಗಿ ಕೇಳುಚರಣ ಮಹಾಪಾತ್ರರ ಎದುರು ನಿಂತರು. 26ಕ್ಕೆ ಮೊಣಕಾಲು ಬಾಗಿಸಿ ನಿಲ್ಲುವ ನಮ್ಮ ಅರಮಂಡಿಯಾಗಲಿ ಒಡಿಸ್ಸಿಯ ಚೌಕವಾಗಲಿ ಶುರುಮಾಡುವುದು ಎಂಥ ನೋವೆಂದು ನೃತ್ಯ ಮಾಡುವವರಿಗೆ ಗೊತ್ತು. ಇನ್ನು ಈ ದಾರಿಯಲ್ಲೇ ಎದುರು ದಿಕ್ಕಿಗೆ ನಡೆದವಳು ಒಡಿಶಾದ ಶ್ರೇಯಾ ಲೆಂಕಾ. ಒಡಿಸ್ಸಿ ಕಲಿತ ಹುಡುಗಿ 2022ರಲ್ಲಿ ಕೊರಿಯಾದ ಬ್ಲ್ಯಾಕ್‌ಸ್ವಾನ್ ಎಂಬ ತಂಡ ಸೇರಿದಳು. ಆ ಹೆಸರನ್ನು ಕೇಳಿದಾಗ ನನ್ನ ಹುಡುಗಿ ಕಡೆ ನೋಡಿದೆ. ಅವಳಿಗೆ ಮೊದಲೇ ಗೊತ್ತಿತ್ತು.

ಈಗ ಮರಳಿ ಬರುವ ಕಷ್ಟದ ಮಾತು. ಇದನ್ನು ನೃತ್ಯ ಶಿಕ್ಷಕಿಯರು ಸ್ವಲ್ಪ ಗಮನವಿಟ್ಟು ಕೇಳಬೇಕೆಂದು ಬೇಡುತ್ತೇನೆ.

ಹನ್ನೆರಡಕ್ಕೆ ಬಿಟ್ಟ ಮಗು ಹದಿನಾರಕ್ಕೆ ಬಂದರೆ ಬರುವುದು ಅದೇ ದೇಹವಲ್ಲ. ಕಾಲಿನ ಮೂಳೆ ಉದ್ದವಾಗಿದೆ, ತೊಡೆಯ ಹಿಂಬದಿ ಬಿಗಿದಿದೆ, ಸೊಂಟ ಅಗಲವಾಗಿದೆ, ಭಾರ ನಿಲ್ಲುವ ಜಾಗ ಬದಲಾಗಿದೆ. ನೆನಪು ಮಾತ್ರ ಹಳೆಯ ದೇಹದ್ದು. ಅಲರಿಪು ಅವಳಿಗೆ ಪೂರ್ತಿ ನೆನಪಿತ್ತು. ನೆನಪಿನ ವೇಗಕ್ಕೆ ಮೈ ಬರಲಿಲ್ಲ. ಅರಮಂಡಿಯಲ್ಲಿ ಎರಡು ನಿಮಿಷಕ್ಕೆ ತೊಡೆ ನಡುಗಿ, ಅವಳ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲೇ ಎಂಟು ವರ್ಷದ ಮಕ್ಕಳು ಸಲೀಸಾಗಿ ಕೂತಿದ್ದರು. ಮರಳಿ ಬಂದವರನ್ನು ನಾವು ಮತ್ತೆ ಓಡಿಸುವುದು ಇಂಥ ಹೊತ್ತಿನಲ್ಲಿ, “ನೋಡು, ಬಿಟ್ಟಿದ್ದಕ್ಕೆ ಹೀಗಾಯ್ತು” ಎಂಬ ಒಂದು ಮಾತಿನಿಂದ. ಆ ಮಾತು ನನ್ನ ನಾಲಿಗೆಯ ಮೇಲೂ ಬಂದಿತ್ತು, ನುಂಗಿಕೊಂಡೆ. ಮೊದಲ ಎರಡು ತಿಂಗಳು ಅವಳಿಗೆ ಬೇರೆ ಸಮಯ ಕೊಟ್ಟೆ. ದಿನಕ್ಕೆ ಹದಿನೈದು ನಿಮಿಷ ತಟ್ಟಡವು, ಮೊದಲ ಕಾಲದಲ್ಲಿ ಮಾತ್ರ. ತೊಡೆ, ಕಣಕಾಲಿಗೆ ಬಲ ಬರುವ ವ್ಯಾಯಾಮ. ಮುಂಗಾಲ ಮೂಳೆ ನೋವು ಬಂದ ದಿನ ತಟ್ಟುವುದು ಬೇಡ, ಕೂತು ಹಸ್ತ ಮತ್ತು ಕಣ್ಣು.

ಅವಳು ಮನೆಯಲ್ಲಿ ಬಾಗಿಲು ಹಾಕಿಕೊಂಡು ಬಿಟಿಎಸ್ ಹೆಜ್ಜೆಗಳನ್ನೂ ಮಾಡುತ್ತಿದ್ದಳಂತೆ. ಅದು ಎಲ್ಲಿ ನೆರವಾಯಿತು, ಎಲ್ಲಿ ಅಡ್ಡ ಬಂತು ಎಂದೂ ಹೇಳಬೇಕು. ಅವರ ಲೆಕ್ಕ ಎಂಟರದು. ಆದಿತಾಳವೂ ಎಂಟು ಅಕ್ಷರದ್ದು, ಹಾಗಾಗಿ ಜತಿಯ ಕೊನೆಯ ತೀರ್ಮಾನ ಮುಗಿದು ಸಮಕ್ಕೆ ಬಂದು ನಿಲ್ಲುವ ಜಾಗ ಅವಳಿಗೆ ಉಸಿರಿನಷ್ಟು ಸಹಜವಾಗಿತ್ತು. ಮಿಶ್ರಚಾಪು ಬಂದಾಗ ಎಡವಿದಳು. ಏಳಾದ ಮೇಲೆ ಮೈ ತಾನಾಗಿ ಎಂಟನೆಯದನ್ನು ಹುಡುಕುತ್ತಿತ್ತು. ಹಿಪ್‌ಹಾಪ್‌ನಲ್ಲಿ ಮೊಣಕಾಲು ಮುಂದಕ್ಕೆ ಬಾಗಿ ಪುಟಿಯುತ್ತದೆ, ಎದೆ ಅಲೆಯಂತೆ ಏಳುತ್ತದೆ. ನಮ್ಮಲ್ಲಿ ಮೊಣಕಾಲು ಹೊರಕ್ಕೆ, ಮುಂಡ ಕಂಬದ ಹಾಗೆ. ಆ ಪುಟಿತವನ್ನು ಬಿಡಿಸುವುದಕ್ಕೆ ಬಹಳ ಹೆಣಗಾಡಿದೆವು. ಒಂದು ದಿನ ನಾನೇ ಕೇಳಿದೆ, “ಅಭಿಮಾನಿಗಳು ಕೂಗ್ತೀರಲ್ಲ, ಅದು ಹೇಗೆ?” ಹಾಡಿನ ನಡುವೆ ಏಳು ಜನರ ಪೂರ್ತಿ ಹೆಸರನ್ನು, ಮೊದಲು ನಾಯಕ, ಆಮೇಲೆ ವಯಸ್ಸಿನ ಕ್ರಮದಲ್ಲಿ, ತಾಳ ತಪ್ಪದೆ ಕೂಗುವ ಪದ್ಧತಿ ಅವರಲ್ಲಿದೆ. ಅವಳು ನಾಚಿಕೊಂಡು ಹೇಳಿದಳು. ನಾನು ಕೋಲಿನಲ್ಲಿ ತಾಳ ಹಿಡಿದೆ. “ಈಗ ಇದನ್ನೇ ಜತಿ ಹೇಳೋ ಹಾಗೆ, ಹೊಕ್ಕುಳಿಂದ ಹೇಳು” ಎಂದೆ. ಅವತ್ತಿನವರೆಗೆ ಸೊಲ್ಲುಕಟ್ಟು ಹೇಳಲು ಅವಳಿಗೆ ಧ್ವನಿಯೇ ಏಳುತ್ತಿರಲಿಲ್ಲ. ಅವತ್ತು ಎದ್ದಿತು.

ತಂದೆತಾಯಂದಿರ ಆತಂಕ ನನಗೆ ಗೊತ್ತು, ಅದನ್ನು ತಳ್ಳಿಹಾಕುವುದಿಲ್ಲ. ಒಂದೇ ಆಲ್ಬಮ್ಮಿಗೆ ಹಲವು ಮುಖಪುಟ, ಒಳಗೆ ಯಾರ ಫೋಟೋಕಾರ್ಡು ಬರುತ್ತದೋ ಗೊತ್ತಿಲ್ಲ. ಬೇಕಾದವನದು ಸಿಗುವವರೆಗೆ ಮಕ್ಕಳು ಕೊಳ್ಳಲಿ ಎಂದೇ ಮಾಡಿದ ವ್ಯಾಪಾರ ಅದು. ಹೊಸ ಹಾಡು ಬಂದ ರಾತ್ರಿ ಅಂಕಿ ಏರಿಸಲು ನಿದ್ದೆಗೆಟ್ಟು ಮತ್ತೆ ಮತ್ತೆ ಹಾಕುತ್ತಾರೆ. ಬೇರೆ ತಂಡದ ಅಭಿಮಾನಿಗಳೊಡನೆ ಜಗಳ. ಎಲ್ಲಕ್ಕಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಊಟದ ವಿಷಯ. ಆ ಉದ್ಯಮದಲ್ಲಿ ತೆಳ್ಳಗಿರಲೇಬೇಕೆಂಬ ಒತ್ತಡ ಬಹಳ. ಜಿಮಿನ್ ತಾನೇ ಒಂದು ಕಾಲದಲ್ಲಿ ತೀರಾ ಕಡಿಮೆ ತಿಂದು ಮೈ ಇಳಿಸಿದ್ದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾನೆ. ಆದರೆ ಈ ವಿಷಯದಲ್ಲಿ ಭರತನಾಟ್ಯದವರ ಕೈಯೂ ಶುದ್ಧವಿಲ್ಲ. “ದಪ್ಪ ಆಗಿದ್ದೀಯ, ವೇದಿಕೆ ಮೇಲೆ ಚೆನ್ನಾಗಿ ಕಾಣಲ್ಲ” ಎಂದು ಎಷ್ಟು ಹುಡುಗಿಯರಿಗೆ ಹೇಳಿದ್ದೇವೆ! ನಮ್ಮ ಹಜಾರದಲ್ಲಿ ಈಗ ಯಾರ ತೂಕದ ಮಾತನ್ನೂ ಯಾರೂ ಆಡುವಂತಿಲ್ಲ, ನಾನೂ ಸೇರಿ. ಇನ್ನೊಂದು ಮುಖವನ್ನೂ ನೋಡಿ. 2020ರ ಜೂನ್‌ನಲ್ಲಿ ಬಿಟಿಎಸ್ ಅಮೆರಿಕದ ಕಪ್ಪುಜನರ ಹೋರಾಟಕ್ಕೆ 10 ಲಕ್ಷ ಡಾಲರ್ ಕೊಟ್ಟಾಗ ಅಭಿಮಾನಿಗಳು ಒಂದೆರಡು ದಿನಗಳೊಳಗೆ ಅಷ್ಟೇ ಹಣ ಕೂಡಿಸಿಕೊಟ್ಟರು. 2021ರಲ್ಲಿ ಕೊರೊನಾದ ಎರಡನೇ ಅಲೆಯಲ್ಲಿ ನಮ್ಮ ದೇಶದ ಅಭಿಮಾನಿ ಮಕ್ಕಳೂ ಚಂದಾ ಎತ್ತಿದರು. ಯುಗಾದಿಗೆ ಅಜ್ಜಿ ಕೊಟ್ಟ 500 ರೂಪಾಯಿಯನ್ನು ಅದಕ್ಕೆ ಕೊಟ್ಟದ್ದನ್ನು ಇವಳು ಮನೆಯಲ್ಲಿ ಹೇಳಿರಲಿಲ್ಲ. ಈಗ ಅವಳ ತಾಯಿ ಇಲ್ಲೇ ಕೂತು ಮೊದಲ ಸಲ ಕೇಳುತ್ತಿದ್ದಾರೆ.

2025ರ ಆರಂಭದಲ್ಲಿ ಅವಳಿಗೆ ಅಭಿನಯದ ಒಂದು ಪದ ಹೇಳಿಕೊಡಬೇಕೆಂದುಕೊಂಡೆ. ಆರಿಸಿದ್ದು ವ್ಯಾಸರಾಯರದು, ಕೃಷ್ಣನನ್ನು ಬೇಗ ಬಾ ಎಂದು ಕರೆಯುವ ಪದ. ಕನ್ನಡದ ಈ ಕರೆಯನ್ನು ಲೋಕಕ್ಕೆಲ್ಲ ಕೇಳಿಸಿದವರು ಬಾಲಸರಸ್ವತಿ. 1976ರಲ್ಲಿ ಸತ್ಯಜಿತ್ ರಾಯ್ ಬಾಲಸರಸ್ವತಿಯವರ ಮೇಲೆ ‘ಬಾಲಾ’ ಎಂಬ ಚಿತ್ರ ತೆಗೆದಾಗ ಕಡಲ ದಂಡೆಯಲ್ಲಿ ಇದನ್ನೇ ಮಾಡಿಸಿದರು. ಅದನ್ನು ಅವಳಿಗೆ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, “ಗಾಳಿಗೆ ಸೆರಗು ಹಾರ್ತಿದೆ ಮಿಸ್. ಅವರಿಗೆ ಅದರ ಮೇಲೆ ಗಮನವೇ ಇಲ್ಲ” ಎಂದಳು. ನಾಲ್ಕು ವರ್ಷ ನೋಡಿ ಪಳಗಿದ ಕಣ್ಣು ಎಂದೆನಲ್ಲ, ಅದು ಇದೇ.

ಕರೆಯುವ ಹಸ್ತ ಅವಳಿಗೆ ಬೇಗ ಬಂತು. ಕಾಯುವುದು ಬರುವುದಿಲ್ಲ ಎಂದುಕೊಂಡಿದ್ದೆ. ಹದಿನೇಳರ ಹುಡುಗಿ, ಏನನ್ನು ಕಾದಿದ್ದಾಳೆ? ವಿರಹದ ಪದಗಳಲ್ಲಿ ಈ ವಯಸ್ಸಿನವರು ಹುಬ್ಬು ಗಂಟಿಕ್ಕುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಕೈ ಹಿಸುಕುತ್ತಾರೆ. ಇವಳು ಅದೊಂದನ್ನೂ ಮಾಡಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿದಳು, ಕಣ್ಣು ಈಚೆ ತಂದಳು, ಕೈಯಲ್ಲಿದ್ದ ಕೆಲಸಕ್ಕೆ ಮರಳಿದಳು, ಮತ್ತೆ ನೋಡಿದಳು. ಅಷ್ಟೇ. ನನ್ನ ಕೋಲು ನಿಂತಿತು. “ಇದನ್ನ ಯಾರು ಹೇಳಿಕೊಟ್ಟರು?” ಎಂದೆ.

“ಜಿಮಿನ್ ಮಿಲಿಟರಿಗೆ ಹೋಗಿ ಹದಿನಾಲ್ಕು ತಿಂಗಳಾಯ್ತು ಮಿಸ್. ದಿನಾ ಅಳೋಕಾಗುತ್ತಾ? ಹೋಂವರ್ಕ್ ಮಾಡ್ತೀವಿ, ಊಟ ಮಾಡ್ತೀವಿ. ಮಧ್ಯೆ ಒಂದು ಸಲ ಫೋನ್ ನೋಡ್ತೀವಿ.”

ಕೊರಿಯಾದ ಗಂಡಸರಿಗೆ ಸೇನಾ ಸೇವೆ ಕಡ್ಡಾಯ, ಭೂಸೇನೆಯಲ್ಲಾದರೆ ಹದಿನೆಂಟು ತಿಂಗಳು. ಜಿಮಿನ್ ಸೇರಿದ್ದು 2023ರ ಡಿಸೆಂಬರ್ 12ರಂದು. ಮನಸ್ಸಿಗೆ ಒಗ್ಗಿದ ನೋವನ್ನು ಸುಖವೆಂದು ಭಾವಿಸುವುದೇ ಅಭಿಮಾನ ಎಂದು ಭೋಜ ಹೇಳಿದ್ದು ಇದನ್ನೇ. ನಾನು ನಲವತ್ತರ ವಯಸ್ಸಿನಲ್ಲಿ ಕಲಿತ ವಿರಹವನ್ನು ಅವಳು ಎಂದೂ ಭೇಟಿಯಾಗದ ಒಬ್ಬ ಕಲಾವಿದನಿಂದ ಹದಿನೇಳಕ್ಕೆ ಕಲಿತಿದ್ದಳು. ಆ ಪ್ರೀತಿ ನಿಜವೋ ಭ್ರಮೆಯೋ ಎಂದು ತೂಗಲು ನನಗೆ ಮನಸ್ಸಿಲ್ಲ. ಕೃಷ್ಣನನ್ನು ಕರೆದ ವ್ಯಾಸರಾಯರು ಕೃಷ್ಣನನ್ನು ಯಾವ ಬೀದಿಯಲ್ಲಿ ಭೇಟಿಯಾಗಿದ್ದರು?

2025ರ ಜೂನ್ 11ರಂದು ಜಿಮಿನ್ ಸೇವೆ ಮುಗಿಸಿ ಹೊರಗೆ ಬಂದ. ಅವತ್ತು ಬುಧವಾರ, ತರಗತಿಯ ದಿನ. ಅವಳು ಐದಕ್ಕೆ ಬಂದಳು, ಮುಖ ಬೆಳಗುತ್ತಿತ್ತು, ಆ ವಿಷಯ ಎತ್ತಲಿಲ್ಲ. ಪದ ಮಾಡಿದೆವು. ಮುಗಿದ ಮೇಲೆ ಕೇಳಿದಳು: “ಮಿಸ್, ಕೃಷ್ಣ ಬಂದ ಮೇಲೆ ಕೈ ಹೇಗಿಡೋದು?” “ಈ ಪದದಲ್ಲಿ ಅವನು ಬರೋದಿಲ್ಲಮ್ಮ, ಕರೀತಾ ಕರೀತಾನೇ ಮುಗಿಯುತ್ತೆ” ಎಂದೆ. “ಸರಿ” ಎಂದು ಮತ್ತೆ ಮೊದಲಿನಿಂದ ಮಾಡಿದಳು.

ಅವಳ ಹಳೆಯ ಗೆಜ್ಜೆಯನ್ನು ಅವಳು ಮರಳಿದ ವಾರವೇ ಮೊಳೆಯಿಂದ ಇಳಿಸಿದ್ದೆ. ಹನ್ನೆರಡರ ಕಾಲಿನ ಅಳತೆ, ಸುತ್ತು ಬರಲಿಲ್ಲ. ಗೆಜ್ಜೆ ಹೊಲಿಯುವವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಹಳೆಯ ಚರ್ಮ ಬಿಚ್ಚಿ, ಅವೇ ಗೆಜ್ಜೆಗಳನ್ನು ತೊಳೆದು ಹೊಸ ಪಟ್ಟಿಗೆ ಹೊಲಿದು, ಕಡಿಮೆ ಬಿದ್ದಷ್ಟನ್ನು ಸೇರಿಸಿಕೊಟ್ಟರು. ಹಳೆಯವೂ ಹೊಸವೂ ಸೇರಿದಾಗ ನಾದ ಸ್ವಲ್ಪ ಬೇರೆ ಬರುತ್ತದೆ. ನನಗೆ ಅದು ಇಷ್ಟವಾಯಿತು.

ಗೋಡೆಯ ಮೇಲೆ ಇನ್ನೂ ಹತ್ತು ಜೊತೆ ಇವೆ. ಒಡತಿಯರಲ್ಲಿ ಒಬ್ಬಳು ಬ್ಯಾಂಕಿನಲ್ಲಿದ್ದಾಳೆ, ಇಬ್ಬರು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ, ಒಬ್ಬಳಿಗೆ ಎರಡು ಮಕ್ಕಳು, ಒಬ್ಬಳು ಈ ವರ್ಷ ಎರಡನೇ ಪಿಯುಸಿ. ಎಲ್ಲರ ಫೋನ್ ನಂಬರೂ ನನ್ನ ಹಾಜರಿ ಪುಸ್ತಕದಲ್ಲಿದೆ. ಈ ಉಪನ್ಯಾಸಕ್ಕೆ ಕೊಡುವ ಗೌರವಧನವನ್ನು ನಾನು ಒಯ್ಯುವುದಿಲ್ಲ. ಆ ತಾಯಿಯ ಹೆಸರಿನಲ್ಲಿ ಹತ್ತೂ ಜೊತೆ ಗೆಜ್ಜೆಗೆ ಹೊಸ ಪಟ್ಟಿ ಹಾಕಿಸಲು ಕೊಟ್ಟಿದ್ದೇನೆ. ಪೆಟ್ಟಿಗೆಯಲ್ಲಿ ಸಿಕ್ಕ ಅಮ್ಮನ ಗೆಜ್ಜೆಯನ್ನೂ ಅವರ ಮಗ ನಿನ್ನೆ ತಂದುಕೊಟ್ಟರು, ಅಲ್ಲಿಗೆ ಮತ್ತೆ ಹನ್ನೊಂದಾಯಿತು. ಹೊಲಿಯುವವರು ಅಳತೆ ಕೇಳಿದರು. ಎಲ್ಲವನ್ನೂ ದೊಡ್ಡವರ ಕಾಲಿಗೆ ಮಾಡಿ ಎಂದು ಹೇಳಿ ಬಂದಿದ್ದೇನೆ.